ಮೋಡ ನೋಡಿ ಬೌಲಿಂಗ್ ಮಾಡಬೇಡ

ಶಿವಮೊಗ್ಗ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಡಿಸೆಂಬರಿನಲ್ಲಿ ಪಂದ್ಯಕ್ಕೆ ಇಲ್ಲಿಗೆ ಬರುತ್ತೀಯಂತೆ, ಹೊಸ ಚೆಂಡು ನಿನ್ನ ಕೈಗೇ ಕೊಡುತ್ತಾರಂತೆ. ಸಂತೋಷ. ಆದರೆ ಘಟ್ಟದ ಕಡೆಯ ಹುಡುಗರಿಗೆಲ್ಲ ಒಂದು ಭ್ರಮೆ ಇದೆ, ಮಂಜು ಕವಿದರೆ ಸ್ವಿಂಗ್, ಅಂದರೆ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ಸರಿಯುವುದು, ತಾನಾಗಿಯೇ ಬರುತ್ತದೆ ಅಂತ.

ತೇವದ ಗಾಳಿ ಭಾರ ಎನ್ನುವುದೇ ತಪ್ಪು ಲೆಕ್ಕ. ನೀರಾವಿಯ ಅಣುತೂಕ 18, ಒಣಗಾಳಿಯದು ಸರಾಸರಿ 29. ಆವಿ ಸೇರಿದಷ್ಟೂ ಗಾಳಿ ಹಗುರವಾಗುತ್ತದೆ. ಗಾಳಿ ದಟ್ಟವಾಗುವುದು ಚಳಿಗೆ. ಬೆಳಗಿನ 15 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 36 ಡಿಗ್ರಿಗೂ ಹೆಚ್ಚೆಂದರೆ ಶೇ. 7ರಷ್ಟು ಅಂತರ. ಉಳಿದದ್ದು ಸೀಮಿನ, ಅಂದರೆ ಚೆಂಡಿನ ಉಬ್ಬು ಹೊಲಿಗೆಯ ಕೆಲಸ. ಬ್ಯಾಟ್ಸ್‌ಮನ್ನಿನಿಂದ ಹೊರಕ್ಕೆ ಸರಿಯುವ ಔಟ್‌ಸ್ವಿಂಗರಿಗೆ ಸೀಮನ್ನು ಸ್ಲಿಪ್ ಕಡೆಗೆ ಸುಮಾರು 20 ಡಿಗ್ರಿ ವಾಲಿಸು. ಸೀಮ್ ಇರುವ ಬದಿಯಲ್ಲಿ ಗಾಳಿ ಕಲಕಿ ಚೆಂಡಿಗೆ ಹೆಚ್ಚು ದೂರ ಅಂಟಿಕೊಂಡಿರುತ್ತದೆ, ನುಣುಪು ಬದಿಯಲ್ಲಿ ಬೇಗ ಬಿಟ್ಟುಬಿಡುತ್ತದೆ. ಹಾಗಾಗಿ ಚೆಂಡು ಸೀಮ್ ತೋರಿಸಿದತ್ತ ಸರಿಯುತ್ತದೆ. ಬಿಡುವಾಗ ಮಣಿಕಟ್ಟು ಹೊರಳಿ ಸೀಮ್ ಓಲಾಡಿತೋ, ಆಗುಂಬೆಯ ಮೋಡವೇ ಬಂದು ನಿಂತರೂ ಉಪಯೋಗವಿಲ್ಲ.

ಎದುರುಗಾಳಿಯ ತುದಿ ಯಾರಿಗೂ ಬೇಡ. ನೀನು ಕೇಳಿ ತಗೋ. ಗಾಳಿಗೆ ಎದುರಾಗಿ ಹೋಗುವ ಚೆಂಡಿನ ಮೇಲೆ ಪಕ್ಕದ ಒತ್ತಡ ಹೆಚ್ಚು, ವೇಗ ತುಸು ತಗ್ಗುವುದರಿಂದ ಸರಿಯಲು ಸಮಯವೂ ಹೆಚ್ಚು. ಚೆಂಡು ಮೊಟಕಾಗಿ ಬೀಳುತ್ತದೆ, ಆದ್ದರಿಂದ ಒಂದಡಿ ಮುಂದೆಯೇ ಗುರಿ ಇಡು.

ನಿಜವಾದ ಶತ್ರು ಇಬ್ಬನಿ. ಒಂದು ಬೌಂಡರಿ ಹೋದರೆ ಸಾಕು, ಚೆಂಡು ಹುಲ್ಲಿನ ನೀರೆಲ್ಲ ಬಳಿದುಕೊಂಡು ಬರುತ್ತದೆ. 156ರಿಂದ 163 ಗ್ರಾಮಿನ ಚೆಂಡು ಅದು. ಚರ್ಮ ನೀರು ಕುಡಿದರೆ ತೂಕ ಏರುತ್ತದೆ, ಹೊಳಪು ಸಾಯುತ್ತದೆ. ಬೇಸ್‌ಬಾಲಿನಲ್ಲಿ ಎಸೆಯುವವನ ಹಿಂದೆಯೇ ರಾಳದ ಪುಡಿಯ ಚೀಲ ಇಟ್ಟಿರುತ್ತಾರೆ, ಚೆಂಡನ್ನೂ ಮೇಲಿಂದ ಮೇಲೆ ಬದಲಿಸುತ್ತಾರೆ. ನಮಗೆ ಆ ಭಾಗ್ಯವಿಲ್ಲ, ಅಂಪೈರ್ ಒಪ್ಪಿದ ಬಟ್ಟೆಯೊಂದೇ ಗತಿ. ಹಳೇ ಪಂಚೆಯ ತುಂಡು ಚೆನ್ನಾಗಿ ಹೀರುತ್ತದೆ. ಪಂದ್ಯಕ್ಕೆ ಮೊದಲೇ ಅಂಪೈರಿಗೆ ತೋರಿಸು. ಉಜ್ಜಬೇಡ, ಮೊದಲು ಸೀಮಿನ ಸುತ್ತ ಒತ್ತಿ ಒತ್ತಿ ನೀರು ತೆಗೆ. ನಂತರ ಬೆರಳು ಒರೆಸು, ಇದನ್ನೇ ಎಲ್ಲರೂ ಮರೆಯುವುದು. ಆಮೇಲೆ ಒಂದೇ ಬದಿಯನ್ನು ಪ್ಯಾಂಟಿಗೆ ತಿಕ್ಕು. ಎಂಜಲು ಹಚ್ಚುವುದನ್ನು 2022ರ ಅಕ್ಟೋಬರಿನಿಂದ ನಿಯಮಾವಳಿಯಲ್ಲೇ ನಿಷೇಧಿಸಿದ್ದಾರೆ. ಬೆವರು ನಡೆಯುತ್ತದೆ, ಆದರೆ ಆ ಚಳಿಯಲ್ಲಿ ಬೆವರೆಲ್ಲಿಂದ ಬರಬೇಕು? ಎರಡು ಓವರ್ ಆದಮೇಲೆ ಕತ್ತಿನ ಹಿಂದೆ ಮುಟ್ಟಿ ನೋಡು.

ಚೆಂಡು ಜಾರುತ್ತಿರುವಾಗ ನೇರ ಕಾಲಬುಡಕ್ಕೆ ಹಾಕುವ ಯಾರ್ಕರಿನ ಆಸೆ ಬಿಡು. ಅದು ಕೈತಪ್ಪಿ ನೆಲ ಮುಟ್ಟದೆ ಸೊಂಟದ ಮೇಲೆ ಹೋದರೆ ನೋಬಾಲ್, ಬ್ಯಾಟ್ಸ್‌ಮನ್ನಿಗೂ ಅಪಾಯ.

ಕಾಲಿಡುವ ಜಾಗ ಒದ್ದೆಯಿದ್ದರೆ ಸಾಮಿಲ್ಲಿನ ಮರದಪುಡಿ ಹಾಕಿಸಲು ಕೇಳು, ನಾಚಿಕೆ ಬೇಡ. ಸ್ಪೈಕಿನ ಸಂದಿಯ ಮಣ್ಣನ್ನು ಪ್ರತಿ ಓವರಿಗೂ ಕಡ್ಡಿಯಿಂದ ಕೆರೆ. ಮಣ್ಣು ತುಂಬಿದ ಸ್ಪೈಕೂ ಬರಿ ಚಪ್ಪಲಿಯೂ ಒಂದೇ. ಮ್ಯಾಟ್ ಹಾಸಿದ್ದರೆ ಮಾತ್ರ ರಬ್ಬರ್ ಶೂ.

ಬೆಳಗ್ಗೆ ಮೈ ಬಿಸಿಯಾಗುವ ತನಕ, 15 ನಿಮಿಷವಾದರೂ ಓಡು, ಆಮೇಲೆ ಅರ್ಧ ವೇಗದಲ್ಲಿ ಎಂಟು ಹತ್ತು ಚೆಂಡು ಹಾಕು. ಓವರ್ ಮುಗಿದೊಡನೆ ಸ್ವೆಟರ್.

ಪಂಚೆಯ ತುಂಡು ಎರಡನ್ನು ನಿನ್ನ ಅತ್ತೆ ತೊಳೆದು ಒಣಗಿಸಿಟ್ಟಿದ್ದಾಳೆ. ಒದ್ದೆಯಾದದ್ದನ್ನೂ ಒಣಗಿದ್ದನ್ನೂ ಒಂದೇ ಜೇಬಿಗೆ ತುರುಕಬೇಡ.

ಇಂತಿ,
ನಿನ್ನ ಮಾವ