ಮೇಘಾಲಯ ಅನ್ನಾಂಡೇಲಿ: ಇದು ಜೇಡವಲ್ಲ

ಎಲ್ಲರಿಗೂ ನಮಸ್ಕಾರ. ಹಾರ್ವೆಸ್ಟ್‌ಮನ್ ಅಂದರೆ ಜೇಡದಂತೆ ಕಾಣುವ ಎಂಟು ಕಾಲಿನ ಜೀವಿ. ಅದರ ಫೋಟೊಗಳಿಗೆ ನಮ್ಮ ಗುಂಪಿನಲ್ಲಿ ಜಾಸ್ತಿ ಜನ 'ಜೇಡ' ಅಂತ ಹಾಕುತ್ತಿದ್ದೀರಿ. ದಯವಿಟ್ಟು ಒಮ್ಮೆ ಸೊಂಟ ನೋಡಿ. ಜೇಡಕ್ಕೆ ಸಣ್ಣ ಸೊಂಟ ಇರುತ್ತದೆ, ಇದಕ್ಕಿಲ್ಲ. ಇಡೀ ಮೈ ಒಂದೇ ಕಾಳಿನ ಹಾಗೆ. ಬಲೆ ನೇಯುವುದಿಲ್ಲ, ವಿಷವೂ ಇಲ್ಲ. ಇದರ ಗಣವೇ ಬೇರೆ, ಒಪಿಲಿಯೋನಿಸ್.

ಎಲ್ಲಕ್ಕೂ ಉದ್ದ ಕಾಲು ಇರಬೇಕೆಂದೂ ಇಲ್ಲ. ಈಶಾನ್ಯ ಭಾರತದ ಮೇಘಾಲಯ ಅನ್ನಾಂಡೇಲಿ ಎಂಬ ಹಾರ್ವೆಸ್ಟ್‌ಮನ್ ಜಾತಿ ನೋಡಿ. ಕೆಲವೇ ಮಿಲಿಮೀಟರ್ ಉದ್ದ, ಗಿಡ್ಡ ಕಾಲು, ಸುಮ್ನೆ ನೋಡಿದರೆ ಉಣ್ಣಿ ಹುಳ ಅನ್ನಬೇಕು. ಬೆನ್ನಿನ ಎರಡೂ ಬದಿಗೆ ಪುಟ್ಟ ಶಂಕುವಿನಂಥ ಉಬ್ಬು. ವಾಸನೆ ಗ್ರಂಥಿ ತೆರೆದುಕೊಳ್ಳುವುದು ಅಲ್ಲೇ. ಹಾರ್ವೆಸ್ಟ್‌ಮನ್‌ಗಳಲ್ಲೇ ಸೈಫೋಫ್ಥಾಲ್ಮಿ ಎಂಬ ಉಪಗಣದ ಗುರುತು ಅದು.

2007ರಲ್ಲಿ ಇದಕ್ಕೆ ಹೊಸ ಕುಲವನ್ನೇ ಮಾಡಿ, ಸ್ಟೈಲೋಸೆಲ್ಲಿಡೀ ಕುಟುಂಬಕ್ಕೆ ಸೇರಿಸಿದರು. ನನಗೆ ತುಂಬಾ ಇಷ್ಟವಾದ ಸಂಗತಿ ಇದು: ಇದರ ನೆಂಟರು ಮಲೇಷ್ಯಾ, ಬೋರ್ನಿಯೊ, ಸುಮಾತ್ರಾ ಕಡೆಯವರು. ಪಕ್ಕದ ಶ್ರೀಲಂಕಾದಲ್ಲಿರುವ ಪೆಟ್ಟಾಲಸ್ ಎಂಬ ಹಾರ್ವೆಸ್ಟ್‌ಮನ್‌ದು ಬೇರೆಯದೇ ಕುಟುಂಬ. ಅದರ ಬಳಗ ದಕ್ಷಿಣ ಆಫ್ರಿಕಾ, ಮಡಗಾಸ್ಕರ್, ನ್ಯೂಜಿಲೆಂಡ್‌ನಲ್ಲಿದೆ. ಬಹುದೂರ ಹೋಗಲಾರದ ಜೀವಿಗಳು, ಹಿಂದೆ ಕೂಡಿದ್ದು ಆಮೇಲೆ ಬೇರೆಯಾದ ಹಳೇ ಭೂಖಂಡಗಳ ಕಥೆ ಹೊತ್ತಿವೆ ಅಲ್ವಾ?

ಇನ್ನು ಮುಂದೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ಹಾಕಿ. ಇವನ್ನು ಹುಡುಕಲು ಒದ್ದೆ ತರಗೆಲೆ ಎತ್ತಿ ನೋಡಿದರೆ, ವಾಪಸ್ ಹಾಗೇ ಮುಚ್ಚಿಬಿಡಿ.