ಹ್ಯಾಂಡಲ್‌ಬಾರನ್ನು ಕಾಸ್ಟಿಕ್ ನೀರಿಗೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಹಳೆ ಸೈಕಲ್ ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿ ಓಡಿಸುವ ಹುಡುಗ ಹುಡುಗಿಯರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಗುಜರಿಗೆ ಹೋಗಬೇಕಾದ ಸೈಕಲ್ ರಸ್ತೆಗೆ ಬರುವುದು ಒಳ್ಳೆಯ ಕೆಲಸ. ಆದರೆ ಅದರಲ್ಲಿ ಒಂದು ಸಾಲು ಇತ್ತು. ಅಲ್ಯೂಮಿನಿಯಂ ಭಾಗಗಳ ಮಾಸಿದ ಬಣ್ಣ ತೆಗೆಯೋಕೆ ಡ್ರೈನ್ ಕ್ಲೀನರ್ ಪುಡಿ ಕಲಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಟ್ಟರೆ ಸಾಕು ಅಂತ. ಈ ಪತ್ರ ಆ ಒಂದು ಸಾಲಿನ ಬಗ್ಗೆ. ನಾನು ಪೀಣ್ಯದ ಒಂದು ಸಣ್ಣ ಆನೋಡೈಸಿಂಗ್ (ಕರೆಂಟ್ ಹಾಯಿಸಿ ಅಲ್ಯೂಮಿನಿಯಂ ಮೇಲೆ ಗಟ್ಟಿ ಪದರ ಬೆಳೆಸುವ ಕೆಲಸ) ಘಟಕದಲ್ಲಿ ಟ್ಯಾಂಕ್ ಮುಂದೆ ನಿಂತು ದುಡಿದು ನಿವೃತ್ತನಾದವನು. ಕಿಟಕಿ ಸೆಕ್ಷನ್ನಿನಿಂದ ಹಿಡಿದು ಮೆಷಿನ್ ಬಿಡಿಭಾಗದವರೆಗೆ, ಹಾಳಾದ ಕೋಟಿಂಗ್ ತೆಗೆದು ಮತ್ತೆ ಹಾಕುವುದು ನಮಗೆ ದಿನದ ಕೆಲಸ. ಅದು ಕಷ್ಟದ ಕೆಲಸ ಅಲ್ಲ. ಆದರೆ ಬಚ್ಚಲುಮನೆಯಲ್ಲಿ ಬಕೆಟ್ ಇಟ್ಟು ಮಾಡುವ ಕೆಲಸವೂ ಅಲ್ಲ.

ಮೊದಲು ಆ ಬಣ್ಣ ಏನು ಅಂತ ಹೇಳುತ್ತೇನೆ. ಅದು ಮೇಲೆ ಬಳಿದ ಪೇಂಟ್ ಅಲ್ಲ, ಆನೋಡೈಸಿಂಗ್. ಭಾಗವನ್ನು ಹಿಡಿದು ನಿಲ್ಲಿಸುವ ಚೌಕಟ್ಟಾದ ಜಿಗ್‌ಗೆ ಬಿಗಿದು, ಪಾಸಿಟಿವ್ ಕಡೆಗೆ ಸೇರಿಸಿ, ನೂರಕ್ಕೆ 15ರಿಂದ 20ರಷ್ಟು ಸಲ್ಫ್ಯೂರಿಕ್ ಆಸಿಡ್ ಇರುವ ಟ್ಯಾಂಕಿಗೆ ಇಳಿಸುತ್ತೇವೆ. ಬಿಸಿ 20 ಡಿಗ್ರಿ ಆಸುಪಾಸು, ಕರೆಂಟ್ 12ರಿಂದ 18 ವೋಲ್ಟ್. ಆಗ ಅಲ್ಯೂಮಿನಿಯಮ್ಮಿನ ಮೈಯೇ ಆಕ್ಸೈಡ್ ಆಗಿ ಬೆಳೆಯುತ್ತದೆ. ಆ ಪದರದ ತುಂಬಾ ಕಣ್ಣಿಗೆ ಕಾಣದ ರಂಧ್ರಗಳು. ಡೈ ನೀರಿನಲ್ಲಿ ಅದ್ದಿದರೆ ಬಣ್ಣ ಆ ರಂಧ್ರಗಳಿಗೆ ಇಳಿಯುತ್ತದೆ. ಆಮೇಲೆ ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಇಟ್ಟರೆ ಪದರ ಉಬ್ಬಿ ರಂಧ್ರಗಳ ಬಾಯಿ ಮುಚ್ಚಿಕೊಳ್ಳುತ್ತದೆ. ಅದನ್ನೇ ಸೀಲಿಂಗ್ ಅನ್ನುವುದು. 1923ರಲ್ಲಿ ಇಂಗ್ಲೆಂಡಿನಲ್ಲಿ ಸಮುದ್ರದ ಮೇಲೆ ಇಳಿಯುವ ವಿಮಾನಗಳ ಭಾಗಗಳನ್ನು ಉಪ್ಪುನೀರಿನಿಂದ ಕಾಪಾಡಲು ಶುರುವಾದ ವಿದ್ಯೆ ಇದು. ಸೈಕಲ್‌ಗೆ ಬಣ್ಣಬಣ್ಣವಾಗಿ ಬಂದದ್ದು ಎಷ್ಟೋ ಕಾಲದ ಮೇಲೆ. 1990ರ ದಶಕದಲ್ಲಿ ಮೌಂಟನ್ ಬೈಕ್ ಓಡಿಸುವವರಿಗೆ ನೇರಳೆ ಬಣ್ಣದ ಭಾಗಗಳ ಹುಚ್ಚೇ ಹಿಡಿದಿತ್ತು. ಡೈ ಬಿಸಿಲು ತಡೆಯುವುದಿಲ್ಲ. ಆ ಕಾಲದ ನೇರಳೆ, ಕೆಂಪು ಭಾಗಗಳು ಈಗ ಸಿಕ್ಕರೆ ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ಕಂದು. ಅದನ್ನು ತೆಗೆದು ಬೆಳ್ಳಿಯ ಹಾಗೆ ಹೊಳೆಸಬೇಕು ಅನ್ನುವ ಆಸೆ ಬರುವುದು ಸಹಜ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ.

ಆದರೆ ಎಲ್ಲ ಬಣ್ಣವೂ ಆನೋಡೈಸಿಂಗ್ ಅಲ್ಲ. ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿಕೊಂಡರೆ ಅದು ಉಕ್ಕು, ಇಲ್ಲಿ ಬರೆದ ಯಾವುದೂ ಅದಕ್ಕೆ ಬೇಡ. ಅಂಟದಿದ್ದರೆ, ಗೀರು ಬಿದ್ದ ಜಾಗ ನೋಡಿ. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿದ್ದರೆ ಪೇಂಟ್ ಅಥವಾ ಪೌಡರ್ ಕೋಟಿಂಗ್. ಅದಕ್ಕೆ ಪೇಂಟ್ ರಿಮೂವರ್ ಬೇರೆಯೇ ಸಿಗುತ್ತದೆ. ಚಕ್ಕೆ ಏಳದೆ, ಲೋಹದ ಹೊಳಪು ಬಣ್ಣದ ಒಳಗಿನಿಂದ ಕಾಣುತ್ತಿದ್ದರೆ ಆನೋಡೈಸಿಂಗ್. ಮಲ್ಟಿಮೀಟರ್ ಇದ್ದವರು ಇನ್ನೂ ಸುಲಭವಾಗಿ ಹಿಡಿಯಬಹುದು. ಬರಿ ಅಲ್ಯೂಮಿನಿಯಂನಲ್ಲಿ ಕರೆಂಟ್ ಹರಿಯುತ್ತದೆ, ಆನೋಡೈಸ್ ಆದ ಮೈಯಲ್ಲಿ ಹರಿಯುವುದಿಲ್ಲ. ಎರಡು ಕಡ್ಡಿಗಳನ್ನು ಮೆಲ್ಲಗೆ ಇಟ್ಟು ನೋಡಿ, ಬೀಪ್ ಬರದಿದ್ದರೆ ಕೋಟಿಂಗ್ ಇದೆ ಅಂತ ಅರ್ಥ. ಕೋಟಿಂಗ್ ಪೂರ್ತಿ ಹೋಯಿತಾ ಅಂತ ನೋಡಲೂ ಇದೇ ಪರೀಕ್ಷೆ ಸಾಕು.

ಈಗ ಆ ಪುಡಿಯ ವಿಷಯ. ಡ್ರೈನ್ ಕ್ಲೀನರ್ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಅಲ್ಯೂಮಿನಿಯಂ ಆಕ್ಸೈಡನ್ನು ಅದು ಕರಗಿಸುತ್ತದೆ, ನಿಜ. ತೊಂದರೆ ಏನೆಂದರೆ, ಆಕ್ಸೈಡಿಗಿಂತ ಜೋರಾಗಿ ಕೆಳಗಿನ ಲೋಹವನ್ನೂ ತಿನ್ನುತ್ತದೆ. ಟ್ಯಾಂಕಿಗೆ ಇಳಿಸಿದ ಮೊದಲ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಬಣ್ಣ ಎಳೆ ಎಳೆಯಾಗಿ ನೀರಿಗೆ ಬಿಡುತ್ತದೆ. ಅಂಚುಗಳಲ್ಲಿ, ಜಿಗ್ ಹಿಡಿದ ಗುರುತಿನ ಸುತ್ತ ಸಣ್ಣ ಗುಳ್ಳೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಕಣ್ಣು ಕೀಳುವ ಹಾಗಿಲ್ಲ. ಗುಳ್ಳೆ ಇಡೀ ಮೈಗೆ ಹರಡಿ ನೊರೆ ಏಳತೊಡಗಿದರೆ ಪದರ ಮುಗಿದು ಲೋಹ ಕರಗುತ್ತಿದೆ. ಕರಗುವಾಗ ಬಿಸಿ ಹುಟ್ಟುತ್ತದೆ, ಬಿಸಿಯಾದಷ್ಟೂ ಕರಗುವ ವೇಗ ಜಾಸ್ತಿ. ನಮ್ಮಲ್ಲಿ ಅನುಭವ ಇದ್ದವರು ಆ ಗುಳ್ಳೆ ನೋಡಿಯೇ ಭಾಗ ಎತ್ತಿ ನೀರಿಗೆ ಅದ್ದುತ್ತಿದ್ದರು. ಬಕೆಟ್ಟಿಗೆ ಹಾಕಿ ಕಾಫಿ ಕುಡಿದು ಬರೋಣ ಅಂತ ಹೋದರೆ, ಬರುವಷ್ಟರಲ್ಲಿ ಥ್ರೆಡ್ ಸವೆದಿರುತ್ತದೆ.

ಎತ್ತಿದ ಭಾಗ ಬೆಳ್ಳಗೆ ಇರುವುದೂ ಇಲ್ಲ. ಬೂದಿ ಬಣ್ಣಕ್ಕೆ, ಎಷ್ಟೋ ಸಲ ಕಪ್ಪಗೆ ತಿರುಗಿರುತ್ತದೆ. ಹೆಬ್ಬೆರಳಲ್ಲಿ ಉಜ್ಜಿದರೆ ಮಸಿ ಕೈಗೆ ಬರುತ್ತದೆ. ಸೈಕಲ್ ಭಾಗಗಳಿಗೆ ಹಾಕುವುದು ಶುದ್ಧ ಅಲ್ಯೂಮಿನಿಯಂ ಅಲ್ಲ. 6061 ಅನ್ನುವ ಮಿಶ್ರಲೋಹದಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಇದೆ, 7075ರಲ್ಲಿ ಸತು ಮತ್ತು ತಾಮ್ರ ಇದೆ. ಕಾಸ್ಟಿಕ್‌ಗೆ ಕರಗದೆ ಉಳಿದದ್ದು ಮಸಿಯಾಗಿ ಮೇಲೆ ಕೂರುತ್ತದೆ. ಕಾರ್ಖಾನೆಯಲ್ಲಿ ಅದನ್ನು ನೈಟ್ರಿಕ್ ಆಸಿಡ್‌ಗೆ ಅದ್ದಿ ತೆಗೆಯುತ್ತಾರೆ, ನೋಡುತ್ತಿದ್ದ ಹಾಗೆ ಬೆಳ್ಳಗಾಗುತ್ತದೆ. ಮನೆಯಲ್ಲಿ ನೈಟ್ರಿಕ್ ಬೇಡವೇ ಬೇಡ. ಮಸಿ ಕಂಡು ಬಣ್ಣ ಇನ್ನೂ ಹೋಗಿಲ್ಲ ಅಂದುಕೊಂಡು ಮತ್ತೆ ಕಾಸ್ಟಿಕ್‌ಗೆ ಹಾಕುವವರಿದ್ದಾರೆ. ಭಾಗ ಹಾಳಾಗುವುದು ಹೆಚ್ಚಾಗಿ ಅಲ್ಲೇ.

ನನ್ನ ಮುಖ್ಯ ಮಾತು ಇದು. ನೀವು ಸರಿಯಾದ ಹೊತ್ತಿಗೆ ಎತ್ತಿದರೂ ಅಳತೆ ಮೊದಲಿನ ಹಾಗೆ ಇರುವುದಿಲ್ಲ. ಆನೋಡೈಸಿಂಗ್ ಪದರದ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಭಾಗ ಲೋಹದ ಒಳಕ್ಕೆ ಬೆಳೆದಿರುತ್ತದೆ. ಪದರ ತೆಗೆದರೆ ಅಷ್ಟು ಲೋಹವೂ ಹೋದ ಹಾಗೆಯೇ. ಚಕ್ರದ ನಡುವಿನ ಹಬ್ಬಿನ ಒಳಗೆ ಬೇರಿಂಗ್ ಕೂರುವ ಜಾಗ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕೊರೆದದ್ದು. ಅದು ಸ್ವಲ್ಪ ಅಗಲವಾದರೂ ಬೇರಿಂಗ್ ಬಿಗಿಯಾಗಿ ನಿಲ್ಲುವುದಿಲ್ಲ, ಒಳಗೇ ತಿರುಗಿ ಹಬ್ಬನ್ನು ತಿನ್ನುತ್ತದೆ. ಪೆಡಲ್ ತೋಳುಗಳ ಅಚ್ಚು ತಿರುಗುವ ಬಾಟಮ್ ಬ್ರ್ಯಾಕೆಟ್ ಕಪ್ಪಿನ ಥ್ರೆಡ್, ಪೆಡಲ್ ಕೂರುವ ಥ್ರೆಡ್, ಇವೂ ಹಾಗೆಯೇ.

ಇನ್ನು ಹ್ಯಾಂಡಲ್‌ಬಾರ್, ಅದನ್ನು ಹಿಡಿಯುವ ಸ್ಟೆಮ್, ಸೀಟ್‌ಪೋಸ್ಟ್, ಪೆಡಲ್ ಕೂರುವ ತೋಳು ಕ್ರ್ಯಾಂಕ್. ಇವು ನಿಮ್ಮ ಭಾರ ಹೊರುವ ಭಾಗಗಳು. ಉಕ್ಕಿಗೆ ಒಂದು ಮಿತಿ ಇದೆ, ಅದರೊಳಗೆ ಎಷ್ಟು ಸಲ ಬಾಗಿಸಿದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಪ್ರತಿ ಗುಂಡಿಯ ಏಟೂ ಅದರ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ಆ ಲೆಕ್ಕ ಬೇಗ ಬೆಳೆಯುತ್ತದೆ. ಕಾಸ್ಟಿಕ್ ತಿಂದ ಮೈಯಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ಪಾಲಿಶ್ ಹೊಡೆದರೆ ಮೇಲಿಂದ ಮಿರಿಮಿರಿ ಅನ್ನಬಹುದು, ಆದರೆ ಆಳದ ಕುಳಿ ಹಾಗೇ ಇರುತ್ತದೆ. ಬಿರುಕು ಶುರುವಾಗುವುದೇ ಅಂಥ ಜಾಗದಲ್ಲಿ. ಅದೂ ಎಲ್ಲಿ? ಸ್ಟೆಮ್ ಹ್ಯಾಂಡಲನ್ನು ಕಚ್ಚಿ ಹಿಡಿದ ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ. ಇಳಿಜಾರಿನಲ್ಲಿ ಹ್ಯಾಂಡಲ್ ಮುರಿದರೆ ಬ್ರೇಕ್ ಹಿಡಿಯಲೂ ಕೈಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಈ ನಾಲ್ಕನ್ನು ಕಾಸ್ಟಿಕ್‌ಗೆ ಹಾಕಲೇಬೇಡಿ. ಬಣ್ಣ ಮಾಸಿದ್ದರೆ ಮಾಸಿರಲಿ. ತೀರಾ ಬೇಸರವಾದರೆ ಹೊಸ ಹ್ಯಾಂಡಲ್ ಹಾಕಿ. ರಿಮ್ಮನ್ನೂ ಇದೇ ಪಟ್ಟಿಗೆ ಸೇರಿಸಿ, ಅದು ಮೊದಲೇ ತೆಳು, ಕಡ್ಡಿಗಳು ಎಳೆಯುತ್ತಿರುತ್ತವೆ.

ಇನ್ನು ಮೈಕೈ ವಿಷಯ. ಒಮ್ಮೆ ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಕಣ್ಣಿಗೆ ಕಾಸ್ಟಿಕ್ ಹನಿ ಹಾರಿತು. ಕಣ್ಣು ತಾನೇ ಬಿಗಿಯಾಗಿ ಮುಚ್ಚಿಕೊಂಡಿತ್ತು, ಬಿಡಿಸಲು ಅವರಿಗೇ ಆಗುತ್ತಿರಲಿಲ್ಲ. ಇಬ್ಬರು ಹಿಡಿದುಕೊಂಡು, ಇನ್ನೊಬ್ಬರು ರೆಪ್ಪೆ ಎಳೆದು ತೆರೆದು, ನಲ್ಲಿ ಕೆಳಗೆ ನೀರು ಬಿಡುತ್ತಲೇ ಇದ್ದರು. ಅವರು ಸಾಕು ಸಾಕು ಅಂತ ಕೂಗಿದರೂ ಬಿಡಲಿಲ್ಲ. ಆಮೇಲೆ ಆಸ್ಪತ್ರೆ. ದೃಷ್ಟಿ ಉಳಿಯಿತು. ಟ್ಯಾಂಕಿನ ಪಕ್ಕದಲ್ಲೇ ನಲ್ಲಿ ಇದ್ದದ್ದರಿಂದ ಉಳಿಯಿತು. ಕಣ್ಣಿಗೆ ಆಸಿಡ್‌ಗಿಂತ ಕಾಸ್ಟಿಕ್ ಕೆಟ್ಟದ್ದು. ಆಸಿಡ್ ಮೇಲ್ಪದರವನ್ನು ಸುಟ್ಟು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಕಾಸ್ಟಿಕ್ ಕಣ್ಣಿನ ಕೊಬ್ಬನ್ನು ಸೋಪ್ ಮಾಡಿಕೊಂಡು ಒಳಗೆ ಇಳಿಯುತ್ತಲೇ ಹೋಗುತ್ತದೆ. ಚರ್ಮದ ಮೇಲೆ ಬಿದ್ದರೂ ಮೊದಲು ಉರಿಯದೆ ಜಾರುಜಾರು ಅನ್ನಿಸುತ್ತದೆ, ಅದು ನಿಮ್ಮ ಚರ್ಮವೇ ಸೋಪ್ ಆಗುತ್ತಿರುವುದು. ಬಿದ್ದರೆ ನಿಂಬೆಹಣ್ಣು, ವಿನೆಗರ್ ಅಂತ ಹುಡುಕಬೇಡಿ. ಹರಿಯುವ ನೀರು, ಕಡೇಪಕ್ಷ ಇಪ್ಪತ್ತು ನಿಮಿಷ. ಕಣ್ಣಾದರೆ ತೊಳೆದ ಮೇಲೆ ನೇರ ಆಸ್ಪತ್ರೆಗೆ.

ಆ ಗುಳ್ಳೆಗಳು ಬರಿ ಗಾಳಿ ಅಲ್ಲ, ಹೈಡ್ರೋಜನ್. ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲ. ನಮ್ಮೂರಿನ ಎಷ್ಟೋ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್ ಇದೆ, ನಲ್ಲಿ ತಿರುಗಿಸಿದರೆ ಅದು ಕಿಡಿ ಹಾರಿಸಿಯೇ ಉರಿಯುವುದು. ಬಾಗಿಲು ಹಾಕಿದ ಅಂಥ ಜಾಗದಲ್ಲಿ ಈ ಬಕೆಟ್ ಇಡುವುದು ಅಂದರೆ ನನಗೆ ಎದೆ ಝಲ್ ಅನ್ನುತ್ತದೆ. ಮೇಲೇಳುವ ಗುಳ್ಳೆ ಒಡೆಯುವಾಗ ಕಾಸ್ಟಿಕ್ ತುಂತುರೂ ಹಾರುತ್ತದೆ, ಗಂಟಲು ಹಿಡಿಯುವುದು ಅದೇ. ಕಾರ್ಖಾನೆಯಲ್ಲಿ ಟ್ಯಾಂಕಿನ ಅಂಚಿಗೇ ಹೊಗೆ ಎಳೆಯುವ ಕೊಳವೆ ಇರುತ್ತದೆ. ಮನೆಯಲ್ಲಿ ಏನಿದೆ?

ಇಷ್ಟಾದರೂ ಮಾಡಿಯೇ ತೀರುತ್ತೇವೆ ಅನ್ನುವವರು ಇರುತ್ತಾರೆ, ನನಗೆ ಗೊತ್ತು. ಅವರಿಗೆ ಹೇಳುತ್ತೇನೆ. ಬ್ರೇಕ್ ಲಿವರಿನ ಮುಚ್ಚಳ, ಬೆಲ್ಲು, ಬಾಟಲಿ ಕೇಜ್, ಇಂಥ ಭಾರ ಹೊರದ ಸಣ್ಣ ಭಾಗಗಳಿಗೆ ಕಾಸ್ಟಿಕ್ ಬೇಕಾಗಿಯೇ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ ಅನ್ನುವ, ನೀರು ಹಾಕಿ ಉಜ್ಜುವ ಕಪ್ಪು ಉಪ್ಪುಕಾಗದ ತನ್ನಿ. ಅದರ ಹರಳು ಸಿಲಿಕಾನ್ ಕಾರ್ಬೈಡ್. ಕಂದು ಬಣ್ಣದ ಸಾಮಾನ್ಯ ಉಪ್ಪುಕಾಗದದ ಹರಳು ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್, ಅಂದರೆ ಕೋಟಿಂಗ್ ಯಾವುದೋ ಅದೇ ವಸ್ತು, ಬೇಗ ಸವೆದು ಹೋಗುತ್ತದೆ. 400 ನಂಬರಿನ ಕಾಗದದಿಂದ ಶುರು ಮಾಡಿ 600, 800, 1000ಕ್ಕೆ ಬನ್ನಿ. ನೀರು ಹಾಕಿಕೊಂಡೇ ಉಜ್ಜಿ, ಧೂಳು ಏಳಬಾರದು. ಕೈ ನೋಯುತ್ತದೆ, ಒಂದು ಸಂಜೆ ಹೋಗುತ್ತದೆ. ಆದರೆ ಎಷ್ಟು ಹೋಯಿತು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಣ್ಣೆದುರೇ ಇರುತ್ತದೆ. ಕೊನೆಗೆ ಮೆಟಲ್ ಪಾಲಿಶ್, ಅದರ ಮೇಲೆ ವ್ಯಾಕ್ಸ್. ಬರಿ ಅಲ್ಯೂಮಿನಿಯಂ ಬೆವರಿಗೆ, ಮಳೆಗೆ ಮಂಕಾಗುತ್ತದೆ. ಮಂಗಳೂರು, ಕಾರವಾರದ ಕಡೆಯವರಂತೂ ಉಪ್ಪುಗಾಳಿಗೆ ಆಗಾಗ ಪಾಲಿಶ್ ಮಾಡುತ್ತಲೇ ಇರಬೇಕಾಗುತ್ತದೆ.

ಕಾಸ್ಟಿಕ್ಕೇ ಬೇಕು ಅಂದರೆ, ಬಯಲಲ್ಲಿ ಮಾಡಿ, ಪಕ್ಕದಲ್ಲಿ ಹರಿಯುವ ನಲ್ಲಿ ಇರಲಿ. ಮಕ್ಕಳು, ನಾಯಿ ಬೆಕ್ಕು ಹತ್ತಿರ ಸುಳಿಯಬಾರದು. ಪಕ್ಕ ಮುಚ್ಚಿದ ಕನ್ನಡಕ, ಮೊಣಕೈವರೆಗಿನ ರಬ್ಬರ್ ಕೈಗವಸು, ಕಾಲಿಗೆ ಬೂಟು. ದಪ್ಪ ಪ್ಲಾಸ್ಟಿಕ್ ಬಕೆಟ್ ಮಾತ್ರ, ಅಲ್ಯೂಮಿನಿಯಂ ಅಥವಾ ಹಿಂಡಾಲಿಯಂ ಪಾತ್ರೆ ಬೇಡ, ಪಾತ್ರೆಯೇ ಕರಗುತ್ತದೆ. ತಣ್ಣೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಕಾಸ್ಟಿಕ್ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಲೀಟರಿಗೆ 50 ಗ್ರಾಂ ದಾಟಬೇಡಿ. ಡ್ರೈನ್ ಪುಡಿ ಬಳಸಬೇಡಿ. ಬಿಸಿ ಹುಟ್ಟಲಿ ಅಂತಲೇ ಕೆಲವದರಲ್ಲಿ ಅಲ್ಯೂಮಿನಿಯಂ ಚೂರು ಸೇರಿಸಿರುತ್ತಾರೆ. ಬಕೆಟ್ಟಿಗೆ ಮುಚ್ಚಳ ಬೇಡ. ಭಾಗವನ್ನು ತಂತಿಗೆ ಕಟ್ಟಿ ಇಳಿಸಿ, ಅಲ್ಲೇ ನಿಂತು ನೋಡಿ, ಗುಳ್ಳೆ ಹರಡಿದ ಕೂಡಲೇ ಎತ್ತಿ. ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರವೂ ಇರಬಾರದು. ಉಳಿದ ನೀರನ್ನು ಖಾಲಿ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ನೋಡಲು ಅದು ನೀರಿನ ಹಾಗೇ ಇರುತ್ತದೆ, ಬಾಯಾರಿದ ಮಗುವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತಣ್ಣಗಾದ ಮೇಲೆ ಬೇಕಾದಷ್ಟು ನೀರು ಸೇರಿಸಿ ಮನೆಯ ಒಳಚರಂಡಿಗೆ ಬಿಡಿ, ಕೆರೆಗೆ ಹೋಗುವ ಮಳೆನೀರಿನ ಚರಂಡಿಗೆ ಬೇಡ.

ಇದಕ್ಕಿಂತ ಸುಲಭದ ದಾರಿ ಇದೆ. ಪೀಣ್ಯದಲ್ಲಾಗಲಿ, ಬೇರೆ ಕೈಗಾರಿಕಾ ಪ್ರದೇಶಗಳಲ್ಲಾಗಲಿ ಆನೋಡೈಸಿಂಗ್ ಮಾಡುವ ಸಣ್ಣ ಘಟಕಗಳಿವೆ. ಅವರ ಬಳಿ ಕಾಸ್ಟಿಕ್ ಟ್ಯಾಂಕ್ ಇದೆ, ನೈಟ್ರಿಕ್ ಟ್ಯಾಂಕ್ ಇದೆ, ಕೊಳೆನೀರು ಸಂಸ್ಕರಿಸುವ ವ್ಯವಸ್ಥೆ ಇಟ್ಟುಕೊಳ್ಳಬೇಕಾದ ಜವಾಬ್ದಾರಿಯೂ ಅವರದೇ. ಸೈಕಲ್ಲಿನ ಹಲ್ಲುಚಕ್ರವಾದ ಚೈನ್‌ರಿಂಗ್ ಕೊಟ್ಟರೆ ತೆಗೆದು, ಬೇಕೆಂದರೆ ಹೊಸ ಬಣ್ಣವನ್ನೇ ಹಾಕಿ ಕೊಡಬಲ್ಲರು. ಒಂದೇ ಒಂದು ಪೀಸ್ ತಂದರೆ 'ಇಷ್ಟು ಸಣ್ಣ ಕೆಲಸ ಮಾಡಲ್ಲ' ಅಂತ ವಾಪಸ್ ಕಳಿಸುವುದು ನಮ್ಮ ಕಸುಬಿನ ಹಳೆಯ ಚಾಳಿ. ಘಟಕದ ಮಾಲೀಕರಲ್ಲಿ ನನ್ನ ವಿನಂತಿ, ಇದನ್ನು ಬಿಡಿ. ಹೇಗೂ ಕಾಸ್ಟಿಕ್ ಟ್ಯಾಂಕ್ ಬಿಸಿ ಇರುತ್ತದೆ, ನಿಮ್ಮ ಜಿಗ್‌ನಲ್ಲಿ ಒಂದು ಮೂಲೆ ಖಾಲಿ ಇರುತ್ತದೆ. ನಾಲ್ಕು ಸೈಕಲ್ ಹುಡುಗರು ಸೇರಿ ಒಟ್ಟಿಗೆ ತಂದುಕೊಟ್ಟರೆ ಇಬ್ಬರಿಗೂ ಗಿಟ್ಟುತ್ತದೆ. ಕೊಡುವಾಗ ಬೇರಿಂಗ್, ಉಕ್ಕಿನ ಬೋಲ್ಟ್, ಪ್ಲಾಸ್ಟಿಕ್ ಎಲ್ಲ ಬಿಚ್ಚಿ, ಗ್ರೀಸ್ ಒರೆಸಿ ಕೊಡಿ. ಥ್ರೆಡ್‌ಗಳನ್ನು, ಬೇರಿಂಗ್ ಜಾಗವನ್ನು ಮುಚ್ಚಿ ಮಾಡಿ ಅಂತ ಬಾಯಿಬಿಟ್ಟು ಹೇಳಿ.

ಕಾಸ್ಟಿಕ್ ಮಾರುವ ಅಂಗಡಿಯವರಿಗೂ ಒಂದು ಮಾತು. ಸೋಪು, ಫಿನಾಯಿಲ್ ಮಾಡುವವರಿಗೆ ಅಂತ ಬಿಡಿಯಾಗಿ ತೂಗಿ ಬರಿ ಪ್ಲಾಸ್ಟಿಕ್ ಕವರಿಗೆ ಕಟ್ಟಿ ಕೊಡುವುದನ್ನು ನಾನೇ ಕಂಡಿದ್ದೇನೆ. ಕವರಿನ ಮೇಲೆ ಹೆಸರೂ ಇರುವುದಿಲ್ಲ. ಒಂದು ಚೀಟಿ ಅಂಟಿಸಿ, ಅದರಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟು ಬರೆಯಿರಿ: ಕಾಸ್ಟಿಕ್ ಸೋಡಾ, ಕಣ್ಣಿಗೆ ಬಿದ್ದರೆ ಇಪ್ಪತ್ತು ನಿಮಿಷ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಇಂತಿ,
ಆನೋಡೈಸಿಂಗ್ ಘಟಕದ ನಿವೃತ್ತ ಕೆಲಸಗಾರ
ದಾಸರಹಳ್ಳಿ, ಬೆಂಗಳೂರು