ನನ್ನನ್ನು ‘ಕೊಮ್ಶಿಯಾ’ ಎಂದು ಕರೆದವರಿಗೆ

ಕಳೆದ ವಾರ ವೈದ್ಯರು ನನ್ನ ಕೈಯಿಂದ ಊರುಗೋಲನ್ನು ತೆಗೆದುಕೊಂಡು, ಬಾಗಿಲಿನಿಂದ ಕಿಟಕಿಯವರೆಗೆ ನಡೆಯಲು ಹೇಳಿದರು. ನಡೆದೆ. ಎರಡು ಶಸ್ತ್ರಚಿಕಿತ್ಸೆಗಳು, ಕಾಲಿನಲ್ಲಿ ಒಂದು ಲೋಹದ ಪಟ್ಟಿ, ಏಳು ತಿರುಪುಗಳು, ಎಣಿಸಲಾರದಷ್ಟು ನಿದ್ದೆಗೆಟ್ಟ ರಾತ್ರಿಗಳು ಮುಗಿದವು. ಮನೆಯವರ ಋಣ ಮನೆಯೊಳಗಿನ ಮಾತು. ಇಲ್ಲಿ ಬರೆಯಬೇಕಾದದ್ದು ದಕ್ಷಿಣ ಸೆರ್ಬಿಯಾದ ನಿಶ್ ಎಂಬ ಊರಿನ ಒಂದು ವಸತಿ ಕಟ್ಟಡದವರಿಗೆ ಮತ್ತು ಆ ಊರಿನ ರಾಡ್ನಿಚ್ಕಿ ಫುಟ್‌ಬಾಲ್ ಕ್ಲಬ್ಬಿಗೆ. ಹೊರಡುವಾಗ ಅವರಿಗೆ ಒಡಕು ಸೆರ್ಬಿಯನ್‌ನಲ್ಲಿ ‘ಹ್ವಾಲಾ’, ಅಂದರೆ ಧನ್ಯವಾದ, ಎಂದು ಹೇಳಿ ಬಂದಿದ್ದೆ. ಆ ಒಂದು ಪದದಲ್ಲಿ ಹಿಡಿಸದೆ ಉಳಿದದ್ದನ್ನೆಲ್ಲ ಹೇಳಲು ನನಗೆ ಬರುವುದು ಕನ್ನಡದಲ್ಲಿ ಮಾತ್ರ.

2018ರಲ್ಲಿ ಕಾರ್ಖಾನೆಯೊಂದರ ಕೆಲಸಕ್ಕೆಂದು ಅಲ್ಲಿಗೆ ಹೋದೆ. ನಿಶಾವಾ ನದಿಯ ದಡದ ಊರು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಹುಟ್ಟಿದ್ದು ಅಲ್ಲೇ. ಸೆರ್ಬಿಯನ್ ವ್ಯಾಕರಣದಲ್ಲಿ ನಮ್ಮಂತೆಯೇ ಏಳು ವಿಭಕ್ತಿಗಳಿವೆ ಎಂದು ತಿಳಿದು ಅವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಹೋಗಿ ನೋಡಿದರೆ ನಿಶ್‌ನವರ ಆಡುಮಾತಿನಲ್ಲಿ ಅವುಗಳಲ್ಲಿ ಹೆಚ್ಚಿನವು ಉಳಿದೇ ಇಲ್ಲ! ಮೂರನೆಯ ಮಹಡಿಯ ಹಿರಿಯರೊಬ್ಬರು ಮೊದಲ ದಿನವೇ ನನ್ನನ್ನು ‘ಕೊಮ್ಶಿಯಾ’ ಎಂದು ಕರೆದರು. ನೆರೆಯವನು ಎಂದರ್ಥ. ಅವರ ಹೆಸರಿನ ಮುಂದೆ ‘ಚಿಕಾ’ ಎಂದು ಸೇರಿಸಿ ಕರೆಯಬೇಕೆಂದು ಮಕ್ಕಳು ನನಗೆ ಕಲಿಸಿದರು. ಚಿಕಾ ಎಂದರೆ ಚಿಕ್ಕಪ್ಪನಂಥವರು ಎಂದು ತಿಳಿದಾಗ ನನಗಾದ ಸಂತೋಷವನ್ನು ಅವರಿಗೆ ವಿವರಿಸಿ ಹೇಳಲು ಆಗಲೇ ಇಲ್ಲ. ಹೆಸರು ಬರೆಯಬೇಡ ಎಂದಿದ್ದಾರೆ, ಆದ್ದರಿಂದ ಇಲ್ಲಿಯೂ ಬರೀ ಚಿಕಾ.

2023ರ ಜನವರಿಯಲ್ಲಿ ಮಂಜುಗಡ್ಡೆ ಕಟ್ಟಿದ್ದ ಮೆಟ್ಟಿಲ ಮೇಲೆ ಜಾರಿದೆ. ಆರು ವಾರ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಚಿಕಾ ಪ್ರತಿ ಸಂಜೆ ಆರಕ್ಕೆ ಸೂಪಿನ ಪಾತ್ರೆ ಹಿಡಿದು ಬರುತ್ತಿದ್ದರು. ಕುರ್ಚಿ ಎಳೆದುಕೊಂಡು ಕುಳಿತು, ಕಾಲು ಹೇಗಿದೆ ಎಂದು ಒಮ್ಮೆಯೂ ಕೇಳದೆ, ಹಿಂದಿನ ಸಂಜೆ ನಿಲ್ಲಿಸಿದಲ್ಲಿಂದ ರಾಡ್ನಿಚ್ಕಿಯ ಕಥೆಯನ್ನು ಮುಂದುವರಿಸುತ್ತಿದ್ದರು. ಹೆಸರಿನ ಅರ್ಥವೇ ‘ಕಾರ್ಮಿಕರದು’. 1923ರ ಏಪ್ರಿಲ್ 24ರಂದು ಹುಟ್ಟಿದ ಕ್ಲಬ್. ಚಿಕಾ ಸ್ವತಃ ಊರಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಟಿವಿ ಜೋಡಿಸುತ್ತಿದ್ದವರು. ಆ ಹೆಸರನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

1981–82ರ ಯುಇಎಫ್ಎ ಕಪ್‌ಗೆ ಬಂದಾಗ ಅವರು ಅವಸರ ಮಾಡಲೇ ಇಲ್ಲ. ಯುರೋಪಿನ ಕ್ಲಬ್‌ಗಳ ಪಂದ್ಯಾವಳಿ ಅದು; ಪ್ರತಿ ಎದುರಾಳಿಯೊಡನೆ ಅಲ್ಲೊಂದು, ಇಲ್ಲೊಂದು ಪಂದ್ಯ, ಎರಡರ ಗೋಲುಗಳನ್ನೂ ಕೂಡಿಸಿ ತೀರ್ಮಾನ. ಒಂದು ಎದುರಾಳಿಗೆ ಒಂದು ಸಂಜೆ. ಮೊದಲು ನಾಪೊಲಿ. ಇಟಲಿಯಲ್ಲಿ 2–2, ಮನೆಯಂಗಳವಾದ ಚಾಯಿರ್ ಕ್ರೀಡಾಂಗಣದಲ್ಲಿ 0–0. ಎದುರಾಳಿಯ ನೆಲದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ನಾಪೊಲಿ ಹೊರಗೆ. ಆಮೇಲೆ ಸ್ವಿಟ್ಜರ್ಲೆಂಡಿನ ಗ್ರಾಸ್‌ಹಾಪರ್. ಅಲ್ಲಿ 2–0 ಸೋಲು, ಇಲ್ಲಿ 2–0 ಗೆಲುವು, ಕೊನೆಗೆ ಪೆನಾಲ್ಟಿಗಳಲ್ಲಿ ರಾಡ್ನಿಚ್ಕಿಗೆ ಜಯ. ಆ ಪೆನಾಲ್ಟಿಗಳನ್ನು ಚಿಕಾ ನನ್ನ ಕೋಣೆಯಲ್ಲೇ ಒದ್ದು ತೋರಿಸಿದರು, ಚಪ್ಪಲಿ ಹಾರಿ ಕಪಾಟಿಗೆ ಬಡಿಯಿತು. ಫೆಯೆನೂರ್ಡ್ ವಿರುದ್ಧ ಚಾಯಿರ್‌ನಲ್ಲಿ 2–0, ರಾಟರ್‌ಡ್ಯಾಮಿನಲ್ಲಿ ಒಂದೇ ಗೋಲಿನ ಸೋಲು, ಅಷ್ಟು ಸಾಕಾಯಿತು. ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ತನ್ನ ಊರಿನಲ್ಲಿ 2–0 ಗೆದ್ದು ನಿಶ್‌ಗೆ ಬಂದಿತ್ತು. ಚಾಯಿರ್ ಅದನ್ನು 3–0 ಮಾಡಿ ಕಳಿಸಿತು. ಸೆಮಿಫೈನಲ್!

ಸೆಮಿಫೈನಲ್ ಹೇಳಬೇಕಾದ ಸಂಜೆ ಚಿಕಾ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಬಂದು, ಸೂಪಿನ ಪಾತ್ರೆ ಇಟ್ಟು, ನಿಂತೇ ಹೇಳಿದರು: “ಇಲ್ಲಿ 2–1, ನಾವು ಗೆದ್ದೆವು. ಹ್ಯಾಂಬರ್ಗ್‌ನಲ್ಲಿ 5–1, ಅವರು ಗೆದ್ದರು.” ಸ್ವಲ್ಪ ಹೊತ್ತಿನ ಮೇಲೆ, “ಮರುವರ್ಷ ಅದೇ ಹ್ಯಾಂಬರ್ಗ್ ಯುರೋಪಿಯನ್ ಕಪ್ಪನ್ನೇ ಗೆದ್ದಿತು. ಅಂಥವರನ್ನು ನಾವು ಚಾಯಿರ್‌ನಲ್ಲಿ ಸೋಲಿಸಿದ್ದೆವು” ಎಂದರು. ನಲವತ್ತೊಂದು ವರ್ಷ ಹಳೆಯ ಸೋಲನ್ನು ಹೇಳಲು ಅವರಿಗೆ ಎರಡು ದಿನ ಬೇಕಾಯಿತು. ಆ ಎರಡು ದಿನ ನನಗೆ ನನ್ನ ಕಾಲಿನ ನೋವಿಗಿಂತ ಅವರ ಬಗೆಗಿನ ಕಳವಳವೇ ದೊಡ್ಡದಾಗಿತ್ತು. ಬಿದ್ದ ದಿನದಿಂದ ನನ್ನ ಕಾಲನ್ನು ಬಿಟ್ಟು ಬೇರೆಯದನ್ನು ನಾನು ಯೋಚಿಸಿದ್ದು ಅದೇ ಮೊದಲು.

ಮಂದಿಯ ಕಥೆಗಳೂ ಇದ್ದವು. ಪೆನಾಲ್ಟಿ ಒದೆಯಲು ಗೋಲು ಬಿಟ್ಟು ಇಡೀ ಮೈದಾನ ದಾಟಿ ಬರುತ್ತಿದ್ದ ಗೋಲ್‌ಕೀಪರ್ ಡ್ರಾಗನ್ ಪಾಂಟೆಲಿಚ್. 1982ರ ವಿಶ್ವಕಪ್‌ನಲ್ಲಿ ಯುಗೊಸ್ಲಾವಿಯದ ಗೋಲು ಕಾದದ್ದೂ ಅವರೇ. ಅದೇ ಊರಿನ ಹುಡುಗ ಡ್ರಾಗನ್ ಸ್ಟೋಯ್‌ಕೊವಿಚ್, ಎಲ್ಲರ ಪಿಕ್ಸಿ, ಇಲ್ಲಿ ಆಡಿ ಬೆಳೆದು 1986ರಲ್ಲಿ ಬೆಲ್‌ಗ್ರೇಡಿನ ರೆಡ್ ಸ್ಟಾರ್‌ಗೆ ಹೋದದ್ದು. ನನ್ನನ್ನು ಬಿಡದೆ ಹಿಡಿದದ್ದು ಮಾತ್ರ ಡ್ರಾಗನ್ ಹೊಲ್ತ್ಸೆರ್ ಕಥೆ. 1945ರ ಜನವರಿಯಲ್ಲಿ ಜರ್ಮನಿಯ ನಾಜಿ ಸೆರೆಶಿಬಿರದಲ್ಲಿ ಹುಟ್ಟಿದ ಮಗು ಅದು. ನಿಶ್‌ನಲ್ಲಿ ಬೆಳೆದು, ರಾಡ್ನಿಚ್ಕಿಯ ರಕ್ಷಣೆಯಲ್ಲಿ ನಿಂತು, ಮುಂದೆ ಹೈದುಕ್ ಸ್ಪ್ಲಿಟ್‌ಗೂ ಯುಗೊಸ್ಲಾವಿಯಕ್ಕೂ ಆಡಿದರು. ಅಂಥ ಜಾಗದಲ್ಲಿ ಕಣ್ಣುಬಿಟ್ಟ ಕೂಸಿನ ಕಾಲಿಗೆ ಚೆಂಡು ಕೊಟ್ಟ ಊರು ಎಂದು ನಿಶ್ ಮೇಲೆ ನನಗೆ ಅಂದಿನಿಂದ ಬೇರೆಯೇ ಗೌರವ.

ಯುಗೊಸ್ಲಾವಿಯ ಒಡೆದ ಮೇಲಿನ ವರ್ಷಗಳನ್ನು ಚಿಕಾ ಬೇಗ ದಾಟಿಸಿದರು. ಯುದ್ಧ, ಹಣದುಬ್ಬರ, ಕೆಳಗಿನ ಲೀಗ್‌ಗಳು. 2012ರಲ್ಲಿ ತಂಡ ಮತ್ತೆ ಮೇಲಿನ ಲೀಗ್‌ಗೆ ಬಂದಿತು. 2018–19ರಲ್ಲಿ ರೆಡ್ ಸ್ಟಾರ್ ನಂತರದ ಎರಡನೆಯ ಸ್ಥಾನ ಪಡೆಯಿತು, ಪಾರ್ಟಿಜಾನ್ ಕೂಡ ಅದರ ಹಿಂದಿತ್ತು. ರಾಜಧಾನಿಯ ಎರಡು ದೊಡ್ಡ ಕ್ಲಬ್‌ಗಳ ನಡುವೆ ಬೇರೆ ಊರಿನ ತಂಡವೊಂದು ನುಸುಳುವುದು ಅಲ್ಲಿ ಎಷ್ಟು ಅಪರೂಪ ಎಂದು ಆ ವರ್ಷ ಬೀದಿಯ ಮುಖಗಳನ್ನು ನೋಡಿಯೇ ನನಗೆ ತಿಳಿದಿತ್ತು.

ಎರಡು ಊರುಗೋಲುಗಳ ಮೇಲೆ ನಾನು ಮೊದಲ ಸಲ ಹೊರಗೆ ಹೋದದ್ದು ಚಾಯಿರ್‌ಗೆ. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವರು ನನ್ನ ಚೀಲವನ್ನು ತಾವೇ ಹೊತ್ತು ತಂದರು, ಅವರಿಗೆ ನಮಸ್ಕಾರ. ಮೆಟ್ಟಿಲಿನ ಸಾಲನ್ನೇ ಖಾಲಿ ಮಾಡಿಕೊಟ್ಟ ಹತ್ತು ಹನ್ನೆರಡು ಹುಡುಗರಿಗೆ, ನನ್ನ ಕಾಲು ಚಾಚಲೆಂದು ತಮ್ಮ ಕೋಟು ಮಡಿಸಿ ಕಲ್ಲಿನ ಮೇಲಿಟ್ಟ ಅಪರಿಚಿತ ತಾಯಿಗೆ ನಮಸ್ಕಾರ. ಬೆಳಿಗ್ಗೆ ಬುರೆಕ್ ಎಂಬ ಪದರು ತಿಂಡಿಯ ಅಂಗಡಿಯಿಂದ ಮೊಸರಿನ ಲೋಟದ ಸಮೇತ ಮನೆ ಬಾಗಿಲಿಗೆ ಬರುತ್ತಿದ್ದ ಅಕ್ಕನಿಗೂ. ಅಲ್ಲಿನ ಅಭಿಮಾನಿಗಳು ತಮ್ಮನ್ನು ‘ಮೆರಾಕ್ಲಿಯೆ’ ಎಂದು ಕರೆದುಕೊಳ್ಳುತ್ತಾರೆ. ‘ಮೆರಾಕ್’ ಎಂದರೆ ಬದುಕಿನ ಸಣ್ಣ ಸಂಗತಿಗಳಲ್ಲಿ ಸಿಗುವ ಹಿತ. ಕನ್ನಡದಲ್ಲಿ ಹೇಳುವುದಾದರೆ ರಸಿಕರು. ಆ ಹೆಸರಿಗೆ ಅವರು ಅರ್ಹರು.

ಅದೇ ಏಪ್ರಿಲ್ 24ಕ್ಕೆ ಕ್ಲಬ್ಬಿಗೆ ನೂರು ತುಂಬಿತು. ಚಿಕಾ ನನ್ನ ಮನೆಗೆ ಬಂದು ರಾಕಿಯಾ ಎಂಬ ಹಣ್ಣಿನ ಮದ್ಯದ ಎರಡು ಪುಟ್ಟ ಲೋಟ ತುಂಬಿಸಿದರು. ಔಷಧಿ ನಡೆಯುತ್ತಿದ್ದುದರಿಂದ ನಾನು ಲೋಟವನ್ನು ತುಟಿಗೆ ಮುಟ್ಟಿಸಿದೆನಷ್ಟೆ, ನನ್ನ ಪಾಲನ್ನೂ ಅವರೇ ಮುಗಿಸಿದರು.

ಮೊನ್ನೆ ಫೋನಿನಲ್ಲಿ ಊರುಗೋಲಿನ ಸುದ್ದಿ ಹೇಳಿದಾಗ ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ, ಮುಂದಿನ ಶರತ್ಕಾಲಕ್ಕೆ ಬರುತ್ತೀಯಾ ಎಂದು ಕೇಳಿದರು. ಬರುತ್ತೇನೆ ಚಿಕಾ. ಮೆಟ್ಟಿಲುಗಳನ್ನು ನಾನೇ ಹತ್ತುತ್ತೇನೆ, ಸೂರ್ಯಕಾಂತಿ ಬೀಜದ ಪೊಟ್ಟಣ ಈ ಸಲ ನಾನು ತರುತ್ತೇನೆ.